ತರಬೇತಿಯ ಫಲವನ್ನು ಅಳೆಯುವ ಧೈರ್ಯ

ಕೇಂದ್ರ ಸರ್ಕಾರವು 2024ರ ಅಕ್ಟೋಬರ್ ತಿಂಗಳಿನಲ್ಲಿ ಪ್ರಾಯೋಗಿಕವಾಗಿ ಆರಂಭಿಸಿದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯ ಮೊದಲ ಸುತ್ತಿನ ಅಂಕಿ ಅಂಶಗಳು ಸಂಸತ್ತಿನ ಮುಂದೆ ಬಂದಾಗ, ಅವನ್ನು ಓದಿದ ಅನೇಕರು ಯೋಜನೆಯೇ ಸೋತಿತೆಂದು ತೀರ್ಮಾನಿಸಿದರು. ದೇಶದ ಅಗ್ರಗಣ್ಯವಾದ 500 ಕಂಪನಿಗಳಲ್ಲಿ ಐದು ವರ್ಷಗಳೊಳಗೆ ಒಂದು ಕೋಟಿ ತರುಣ ತರುಣಿಯರಿಗೆ ಹನ್ನೆರಡು ತಿಂಗಳ ಕೆಲಸದ ಅನುಭವವನ್ನು ಒದಗಿಸಬೇಕು, ಆ ಅವಧಿಯಲ್ಲಿ ಅವರಿಗೆ ತಿಂಗಳೊಂದಕ್ಕೆ 5,000 ರೂಪಾಯಿಗಳ ಭತ್ಯವನ್ನು ಕೊಡಬೇಕು ಎಂಬುದು ಆ ಯೋಜನೆಯ ಸಂಕಲ್ಪ. ಮೊದಲ ಸುತ್ತಿನಲ್ಲಿ ಒಂದೂಕಾಲು ಲಕ್ಷಕ್ಕೂ ಮಿಕ್ಕ ಅವಕಾಶಗಳನ್ನು ಕಂಪನಿಗಳು ತೆರೆದಿಟ್ಟವು. ಆರು ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದವು. ಸುಮಾರು 82,000 ಕರೆಗಳು ಹೋದವು. ಅವನ್ನು ಒಪ್ಪಿಕೊಂಡವರು 28,000 ಮಂದಿ. ಕಟ್ಟಕಡೆಗೆ ಕೆಲಸದ ಜಾಗಕ್ಕೆ ಹೋಗಿ ಸೇರಿದವರು 8,700ರ ಆಸುಪಾಸು.

ಇದನ್ನು ಸೋಲೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಒಂದು ಕೋಟಿ ಜನರಿಗಾಗಿ ಉದ್ದೇಶಿಸಿದ ಏರ್ಪಾಡನ್ನು ಮೊದಲು ಒಂದು ಲಕ್ಷದ ಮಟ್ಟಿಗೆ ನಡೆಸಿ ನೋಡುವುದು, ಎಡವುವುದಿದ್ದರೆ ಅಲ್ಲಿಯೇ ಎಡವಿ, ಎಡವಿದ ಕಾರಣವನ್ನು ಅರಿತುಕೊಂಡು, ಬೊಕ್ಕಸದ ಬಹುಭಾಗವು ಇನ್ನೂ ಉಳಿದಿರುವಾಗಲೇ ದಾರಿಯನ್ನು ತಿದ್ದಿಕೊಳ್ಳಲಿ ಎಂದಲ್ಲವೆ? ಕರೆ ಬಂದ ಊರು ಮನೆಯಿಂದ ದೂರವಾದುದು, ಹನ್ನೆರಡು ತಿಂಗಳ ಅವಧಿಯು ದೀರ್ಘವೆನಿಸಿದುದು, ಒದಗಿದ ಕೆಲಸವು ಅಭ್ಯರ್ಥಿಯ ಓದಿಗೂ ಆಸಕ್ತಿಗೂ ಹೊಂದದೆ ಹೋದುದು ಎಂಬ ಕಾರಣಗಳು ಬೆಳಕಿಗೆ ಬಂದಿರುವುದೇ ಈ ಪ್ರಯೋಗದ ಮೊದಲ ಲಾಭ. ಅಂಕಿಗಳು ಚೆನ್ನಾಗಿಲ್ಲ, ನಿಜ. ಆದರೆ ಅವು ಪ್ರಕಟವಾದುವು ಎಂಬುದಕ್ಕಾಗಿ ಸರ್ಕಾರವನ್ನು ಅಭಿನಂದಿಸಬೇಕು. ಇನ್ನು ಆ ಅಂಕಿಗಳ ಮಾತನ್ನು ಕೇಳಿ ಯೋಜನೆಯನ್ನು ಬದಲಾಯಿಸುವರೋ, ಗುರಿಯ ಗೌರವಕ್ಕಾಗಿ ಅವುಗಳನ್ನು ಮರೆತು ಮುಂದೆ ಸಾಗುವರೋ ಎಂಬುದರಲ್ಲಿಯೇ ಈ ದೇಶದ ಉದ್ಯೋಗ ತರಬೇತಿಯ ಭವಿಷ್ಯವು ಅಡಗಿದೆ.

ಹೀಗೆನ್ನುವುದಕ್ಕೆ ಕಾರಣವುಂಟು. 2015ರ ಜುಲೈ 15ರಂದು ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯು ತನ್ನ ಮೊದಲ ಹಂತದಲ್ಲಿ ಇಪ್ಪತ್ತು ಲಕ್ಷದಷ್ಟು ಜನರಿಗೆ ಅಲ್ಪಾವಧಿಯ ತರಬೇತಿಯನ್ನು ಕೊಟ್ಟಿತು. ಅವರಲ್ಲಿ ಎಷ್ಟು ಮಂದಿಯ ಬದುಕು ಎಷ್ಟು ಮಟ್ಟಿಗೆ ಬದಲಾಯಿತೆಂದು ನಿಂತು ವಿಚಾರಿಸುವ ವ್ಯವಧಾನವಿಲ್ಲದೆಯೇ, 2016ರಲ್ಲಿ, 12,000 ಕೋಟಿ ರೂಪಾಯಿಗಳ ವೆಚ್ಚದಲ್ಲಿ ನಾಲ್ಕು ವರ್ಷಗಳೊಳಗೆ ಒಂದು ಕೋಟಿ ಜನರನ್ನು ತರಬೇತುಗೊಳಿಸುವ ಎರಡನೆಯ ಹಂತವು ಸಿದ್ಧವಾಯಿತು. ಕೌಶಲ ತರಬೇತಿಯ ಕ್ಷೇತ್ರವನ್ನು ಪರಿಶೀಲಿಸಲು ಸರ್ಕಾರವೇ ನೇಮಿಸಿದ ಶಾರದಾ ಪ್ರಸಾದ್ ಸಮಿತಿಯು, ಉದ್ಯಮಕ್ಕೆ ಯಾವ ಕೌಶಲವು ಬೇಕೆಂಬುದನ್ನು ಅರಿಯದೆ ಅವಸರದಲ್ಲಿ ಸಂಖ್ಯೆಯ ಬೆನ್ನುಹತ್ತಿದುದನ್ನು ಕಟುವಾಗಿಯೇ ಟೀಕಿಸಿತು. ಈಚೆಗೆ ಭಾರತದ ಮಹಾಲೇಖಪಾಲರ ವರದಿಯು, ಈ ಯೋಜನೆಯ ದತ್ತಾಂಶದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಅಭ್ಯರ್ಥಿಗಳ ಬ್ಯಾಂಕ್ ಖಾತೆಯ ಅಂಕಣವು ಬರಿದಾಗಿತ್ತು ಅಥವಾ ಅರ್ಥವಿಲ್ಲದ ಅಂಕಿಗಳಿಂದ ತುಂಬಿತ್ತು ಎಂಬುದನ್ನು ಎತ್ತಿ ತೋರಿಸಿದೆ. ಅಭ್ಯರ್ಥಿಯ ಗುರುತೇ ಸರಿಯಾಗಿ ದಾಖಲಾಗದಲ್ಲಿ, ಅವನು ಕಲಿತನೆ, ಕೆಲಸಕ್ಕೆ ಸೇರಿದನೆ, ಆರು ತಿಂಗಳ ಮೇಲೆ ಆ ಕೆಲಸದಲ್ಲಿ ಉಳಿದಿದ್ದನೆ ಎಂಬ ಪ್ರಶ್ನೆಗಳಿಗೆ ಉತ್ತರವೆಲ್ಲಿಂದ ದೊರೆಯಬೇಕು?

ತರಬೇತಿಯ ಫಲವೆಂದರೇನು ಎಂಬ ವಿಚಾರದಲ್ಲಿಯೇ ನಮ್ಮ ಆಡಳಿತದಲ್ಲಿ ಒಂದು ಮೂಲಭೂತವಾದ ಭ್ರಾಂತಿಯು ಬೇರೂರಿದೆ. ಮೊದಲು ಪ್ರಮಾಣಪತ್ರಗಳನ್ನು ಎಣಿಸುತ್ತಿದ್ದೆವು. ಅದು ಸಾಲದೆಂದು ತಿಳಿದ ಮೇಲೆ ಕೆಲಸ ದೊರೆತವರ ತಲೆಗಳನ್ನು ಎಣಿಸತೊಡಗಿದೆವು. ಆದರೆ ಅದೂ ಸಾಲದು. ತರಬೇತಿ ಪಡೆದ ನೂರು ಮಂದಿಯಲ್ಲಿ ಅರವತ್ತು ಮಂದಿಗೆ ಉದ್ಯೋಗ ದೊರೆಯಿತೆಂದು ಇಟ್ಟುಕೊಳ್ಳೋಣ. ತರಬೇತಿಯಿಲ್ಲದಿದ್ದರೂ ಅವರಲ್ಲಿ ಐವತ್ತೈದು ಮಂದಿಗೆ ಅಂಥದೇ ಉದ್ಯೋಗ ದೊರೆಯುತ್ತಿದ್ದುದಾದರೆ, ನಾವು ನೂರು ಜನರಿಗಾಗಿ ವೆಚ್ಚಮಾಡಿದ ಹಣದಿಂದ ನೆರವು ಪಡೆದವರು ಐದೇ ಮಂದಿ. ಇದನ್ನು ತಿಳಿಯಲು, ಹೊಸ ಬೀಜವನ್ನು ಪರೀಕ್ಷಿಸುವ ಬೇಸಾಯಗಾರನು ಅದೇ ಹೊಲದ ಪಕ್ಕದ ಪಟ್ಟಿಯಲ್ಲಿ ಹಳೆಯ ಬೀಜವನ್ನೂ ಬಿತ್ತಿ ಎರಡು ಬೆಳೆಗಳನ್ನೂ ಹೋಲಿಸಿ ನೋಡುವಂತೆ, ತರಬೇತಿ ಪಡೆಯದ, ಆದರೆ ಮಿಕ್ಕೆಲ್ಲ ವಿಷಯಗಳಲ್ಲಿ ಸಮಾನರಾದ ಜನರನ್ನೂ ಪಕ್ಕದಲ್ಲಿರಿಸಿಕೊಂಡು ನೋಡುವುದು ಅನಿವಾರ್ಯ.

ಅಮೆರಿಕದ ಸಂಯುಕ್ತ ಸಂಸ್ಥಾನದಲ್ಲಿ ಸರ್ಕಾರದ ಹಣದಿಂದ ಇಂತಹ ಪರೀಕ್ಷೆಯು ದೊಡ್ಡ ಪ್ರಮಾಣದಲ್ಲಿ ನಡೆದುದು 1970ರ ದಶಕದಲ್ಲಿ. ಅಲ್ಲಿನ ಕೇಂದ್ರ ಸರ್ಕಾರದ ಇಲಾಖೆಗಳೂ ಫೋರ್ಡ್ ಪ್ರತಿಷ್ಠಾನವೂ ಕೂಡಿ 1974ರಲ್ಲಿ ಮ್ಯಾನ್‌ಪವರ್ ಡೆಮಾನ್‌ಸ್ಟ್ರೇಷನ್ ರಿಸರ್ಚ್ ಕಾರ್ಪೊರೇಷನ್ ಎಂಬ ಸಂಸ್ಥೆಯನ್ನು ಕಟ್ಟಿದುವು. ಅದರ ಮೊದಲ ಕಾರ್ಯವೇ, 1975ರಿಂದ ಮುಂದೆ ಕೆಲವು ವರ್ಷಗಳ ಕಾಲ ನಡೆದ, ಬೆಂಬಲಸಹಿತ ದುಡಿಮೆಯ ರಾಷ್ಟ್ರೀಯ ಪ್ರಯೋಗ. ಸಮಾಜವು ಕೈಬಿಟ್ಟಿದ್ದ ನಾಲ್ಕು ವರ್ಗದ ಜನರನ್ನು ಅದಕ್ಕೆ ಆರಿಸಿಕೊಂಡರು: ಬಹುಕಾಲದಿಂದ ಸರ್ಕಾರದ ಸಹಾಯಧನದಲ್ಲಿ ಮಕ್ಕಳನ್ನು ಸಾಕುತ್ತಿದ್ದ ತಾಯಂದಿರು, ಮಾದಕವಸ್ತುಗಳ ಚಟದಿಂದ ಹೊರಬಂದವರು, ಸೆರೆಮನೆಯಿಂದ ಬಿಡುಗಡೆಯಾದವರು, ಶಾಲೆಯನ್ನು ಅರ್ಧಕ್ಕೆ ಬಿಟ್ಟ ತರುಣರು. ಇವರಿಗೆ ಸಣ್ಣ ತಂಡಗಳಲ್ಲಿ, ಹತ್ತಿರದಲ್ಲಿದ್ದು ತಿದ್ದುವ ಮೇಸ್ತ್ರಿಯೊಬ್ಬನ ಕಣ್ಣೆದುರಿನಲ್ಲಿ, ಹೊಣೆಯನ್ನು ಹಂತಹಂತವಾಗಿ ಹೆಚ್ಚಿಸುತ್ತಾ, ಒಂದು ವರ್ಷ ಅಥವಾ ಅದಕ್ಕೆ ತುಸು ಮಿಕ್ಕ ಕಾಲ ನಿಜವಾದ ಕೂಲಿಯುಳ್ಳ ಕೆಲಸವನ್ನು ಕೊಟ್ಟರು. ಯಾರಿಗೆ ಕೆಲಸ, ಯಾರಿಗೆ ಇಲ್ಲ ಎಂಬುದನ್ನು ಅಧಿಕಾರಿಯ ಇಚ್ಛೆಗೆ ಬಿಡದೆ ಚೀಟಿ ಎತ್ತಿ ನಿರ್ಧರಿಸಿದರು. ಹೀಗೆ ಆರು ಸಾವಿರಕ್ಕೂ ಮಿಕ್ಕ ಜನರನ್ನು ಎರಡು ಪಂಗಡಗಳಾಗಿಸಿ, ಎರಡೂ ಪಂಗಡಗಳ ಬದುಕನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದರು.

ದೊರೆತ ಉತ್ತರವು ಸರಳವಾಗಿರಲಿಲ್ಲ. ಅದರ ಬೆಲೆ ಇರುವುದೇ ಅಲ್ಲಿ. ಸಹಾಯಧನದಲ್ಲಿದ್ದ ತಾಯಂದಿರು ಹೆಚ್ಚಿನ ಪ್ರಯೋಜನವನ್ನು ಪಡೆದರು, ಅವರ ಗಳಿಕೆಯು ಕಾರ್ಯಕ್ರಮ ಮುಗಿದ ಮೇಲೆಯೂ ಹೋಲಿಕೆಯ ಗುಂಪಿಗಿಂತ ಮೇಲೆಯೇ ಉಳಿಯಿತು. ಶಾಲೆ ಬಿಟ್ಟ ತರುಣರಿಗೂ ಸೆರೆಮನೆಯಿಂದ ಬಂದವರಿಗೂ ಹೇಳಿಕೊಳ್ಳುವಂಥ ಲಾಭವಾಗಲಿಲ್ಲ. ಒಂದೇ ಕಾರ್ಯಕ್ರಮ, ಒಂದೇ ವಿಧದ ವೆಚ್ಚ, ಆದರೂ ಒಬ್ಬರಿಗೆ ಬದುಕಿನ ಮೆಟ್ಟಿಲಾಯಿತು, ಇನ್ನೊಬ್ಬರಿಗೆ ಬರಿಯ ಕಾಲಯಾಪನೆಯಾಯಿತು. ಹೋಲಿಕೆಯ ಗುಂಪಿಲ್ಲದಿದ್ದರೆ ಈ ಭೇದವು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಮುಂದೆ 1986ರಲ್ಲಿ ರಾಬರ್ಟ್ ಲಾಲೊಂಡ್ ಎಂಬ ಅರ್ಥಶಾಸ್ತ್ರಜ್ಞನು ಇದೇ ದತ್ತಾಂಶವನ್ನು ತೆಗೆದುಕೊಂಡು, ಚೀಟಿ ಎತ್ತಿ ಮಾಡಿದ ಹೋಲಿಕೆಯ ಸ್ಥಾನದಲ್ಲಿ ಸಾಮಾನ್ಯ ಜನಸಮೀಕ್ಷೆಗಳಿಂದ ಆಯ್ದ ಹೋಲಿಕೆಯ ಗುಂಪನ್ನು ಇರಿಸಿ, ಆ ಕಾಲದ ಉತ್ತಮ ಗಣಿತವಿಧಾನಗಳನ್ನೆಲ್ಲ ಪ್ರಯೋಗಿಸಿ ನೋಡಿದನು. ಬಂದ ಉತ್ತರಗಳು ಅನೇಕ ವೇಳೆ ಸತ್ಯದಿಂದ ದೂರವಾಗಿದ್ದುವು.

ಆ ದೇಶದವರು ಅಷ್ಟಕ್ಕೇ ನಿಲ್ಲಲಿಲ್ಲ. 1982ರ ಉದ್ಯೋಗ ತರಬೇತಿ ಸಹಭಾಗಿತ್ವ ಕಾನೂನಿನ ಅಡಿಯಲ್ಲಿ ನಡೆಯುತ್ತಿದ್ದ ಕಾರ್ಯಕ್ರಮವನ್ನು ಆ ದಶಕದ ಕೊನೆಯಲ್ಲಿ ಹದಿನಾರು ಸ್ಥಳಗಳಲ್ಲಿ, ಸುಮಾರು 20,000 ಜನರ ಮೇಲೆ, ಇದೇ ಕ್ರಮದಲ್ಲಿ ಒರೆಗೆ ಹಚ್ಚಿದರು. ವಯಸ್ಕ ಸ್ತ್ರೀಪುರುಷರಿಗೆ ಸಾಧಾರಣವಾದ ಲಾಭವೂ, ಶಾಲೆ ಬಿಟ್ಟ ತರುಣರಿಗೆ ಲಾಭವೇ ಇಲ್ಲದುದೂ ಕಂಡುಬಂದಿತು. ಇದನ್ನು ಕಂಡ ಅಲ್ಲಿನ ಶಾಸನಸಭೆಯು ತರುಣರ ವಿಭಾಗದ ಅನುದಾನವನ್ನು ಬಹಳಷ್ಟು ಕಡಿತಗೊಳಿಸಿತು. ಹಣವನ್ನು ಕಡಿದುದು ಸರಿಯೇ, ಅಥವಾ ಅದೇ ಹಣದಿಂದ ಮತ್ತೊಂದು ವಿಧದ ತರಬೇತಿಯನ್ನು ಪರೀಕ್ಷಿಸಬೇಕಾಗಿತ್ತೇ ಎಂಬ ಪ್ರಶ್ನೆಯುಂಟು. ನನ್ನ ಅಭಿಪ್ರಾಯವು ಎರಡನೆಯದರ ಪಕ್ಷದಲ್ಲಿದೆ. ಅದಕ್ಕಿಂತಲೂ ನಾವು ಗಮನಿಸಬೇಕಾದುದು, ಅದೇ ಕಾರ್ಯಕ್ರಮದ ಅನುಭವದಿಂದ ಅರ್ಥಶಾಸ್ತ್ರಜ್ಞ ಜೇಮ್ಸ್ ಹೆಕ್‌ಮನ್ ಮತ್ತು ಅವರ ಸಹೋದ್ಯೋಗಿಗಳು ಕಂಡುಕೊಂಡ ಸಂಗತಿ: ತರಬೇತಿ ಕೇಂದ್ರಗಳ ಯೋಗ್ಯತೆಯನ್ನು ತತ್‌ಕ್ಷಣದ ಉದ್ಯೋಗಪ್ರಾಪ್ತಿಯ ಲೆಕ್ಕದಿಂದ ಅಳೆದರೆ, ಆ ಅಳತೆಗೂ ಅಭ್ಯರ್ಥಿಗಳಿಗೆ ದೀರ್ಘಕಾಲದಲ್ಲಿ ಆದ ನಿಜವಾದ ಲಾಭಕ್ಕೂ ಸಂಬಂಧವು ತೀರ ದುರ್ಬಲವಾಗಿತ್ತು. ಸುಲಭವಾಗಿ ಕೆಲಸ ಸಿಕ್ಕುವವರನ್ನೇ ಆರಿಸಿಕೊಳ್ಳುವ ಕೇಂದ್ರವು ಕಾಗದದ ಮೇಲೆ ಮುಂದೆ ಬರುತ್ತದೆ, ಕೈಹಿಡಿದು ನಡೆಸಬೇಕಾದವರನ್ನು ಸೇರಿಸಿಕೊಂಡ ಕೇಂದ್ರವು ಹಿಂದುಳಿಯುತ್ತದೆ. ಪ್ಲೇಸ್‌ಮೆಂಟ್ ಲೆಕ್ಕದಿಂದ ತರಬೇತಿ ಕೇಂದ್ರಗಳ ಯೋಗ್ಯತೆಯನ್ನು ಅಳೆಯುವ ನಮ್ಮ ಅಧಿಕಾರಿಗಳು ಈ ಸಂಗತಿಯನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳತಕ್ಕದ್ದು.

ದೂರದ ದೇಶದ ಮಾತು ನಮಗೇಕೆ ಎನ್ನುವವರು ಬೆಂಗಳೂರಿನ ಒಂದು ಪ್ರಯೋಗವನ್ನು ನೋಡಬಹುದು. ಅದು ಸರ್ಕಾರದ ಯೋಜನೆಯಲ್ಲ. ಆದರೂ ಸರ್ಕಾರವು ಅದರಿಂದ ಕಲಿಯಬೇಕಾದುದು ಬಹಳವಿದೆ. ಶಾಹಿ ಎಕ್ಸ್‌ಪೋರ್ಟ್ಸ್ ಎಂಬ ಸಿದ್ಧ ಉಡುಪಿನ ಸಂಸ್ಥೆಯ ಕಾರ್ಖಾನೆಗಳಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುವ ಹೆಣ್ಣುಮಕ್ಕಳಿಗೆ, ಮಾತುಗಾರಿಕೆ, ಸಮಯದ ನಿರ್ವಹಣೆ, ಹಣದ ಲೆಕ್ಕ, ಆರೋಗ್ಯ ಮುಂತಾದ ವಿಷಯಗಳಲ್ಲಿ ಒಟ್ಟು ಸುಮಾರು 80 ಗಂಟೆಗಳ ತರಬೇತಿಯನ್ನು ಕೊಡುವ ಏರ್ಪಾಡಿತ್ತು. ಸೇರಬಯಸಿದವರು ಇರುವ ಸ್ಥಾನಗಳಿಗಿಂತ ಹೆಚ್ಚಾಗಿದ್ದುದರಿಂದ ಚೀಟಿ ಎತ್ತಿ ಆರಿಸಿದರು. ಅಚ್ಯುತ ಅಧ್ವರ್ಯು, ನಮ್ರತಾ ಕಲಾ, ಅನಂತ್ ನೈಷಧಂ ಎಂಬ ಮೂವರು ಅರ್ಥಶಾಸ್ತ್ರಜ್ಞರು ಇದರ ಫಲವನ್ನು ಅಳೆದು ನೋಡಿದಾಗ, ತರಬೇತಿ ಪಡೆದ ಹೆಣ್ಣುಮಕ್ಕಳ ಉತ್ಪಾದಕತೆಯು ಪಡೆಯದವರದಕ್ಕಿಂತ ನೂರಕ್ಕೆ 13.5ರಷ್ಟು ಅಧಿಕವಾಗಿತ್ತು. ಅವರ ಸಂಬಳವು ಏರಿದುದಾದರೋ ನೂರಕ್ಕೆ 0.5ರಷ್ಟು ಮಾತ್ರ.

ಈ ಎರಡು ಅಂಕಿಗಳನ್ನು ಅಕ್ಕಪಕ್ಕದಲ್ಲಿ ಇಟ್ಟುಕೊಂಡು ಸ್ವಲ್ಪ ಹೊತ್ತು ಯೋಚಿಸಬೇಕು. ತರಬೇತಿಯು ಕೆಲಸ ಮಾಡಿತೆ? ಮಾಡಿತು, ಚೆನ್ನಾಗಿಯೇ ಮಾಡಿತು. ತಾಂತ್ರಿಕ ಕೌಶಲವಲ್ಲದ ಮೃದು ಕೌಶಲಗಳಿಂದಲೂ ಕೈಕೆಲಸವು ಚುರುಕಾಗುವುದೆಂಬುದನ್ನು ಅದು ಸಂದೇಹಕ್ಕೆ ಎಡೆಯಿಲ್ಲದಂತೆ ತೋರಿಸಿತು. ಆದರೆ ಬೆಳಗಿನ ಜಾವ ಎದ್ದು ಅಡಿಗೆ ಮುಗಿಸಿ, ಬಸ್ಸು ಹಿಡಿದು, ಸಂಜೆಯವರೆಗೆ ಹೊಲಿದು ಮನೆಗೆ ಮರಳುವ ಗಾರ್ಮೆಂಟ್ಸ್ ಹೆಣ್ಣುಮಗಳ ಕೈಗೆ ಆ ಹೆಚ್ಚಿದ ಉತ್ಪಾದನೆಯ ಪಾಲು ಬಂದುದು ಅತ್ಯಲ್ಪ. ಇದರಿಂದ ಸರ್ಕಾರಕ್ಕೆ ಎರಡು ಪಾಠಗಳಿವೆ ಎಂದು ನಾನು ಭಾವಿಸುತ್ತೇನೆ. ಲಾಭದ ಬಹುಭಾಗವು ಮಾಲೀಕನಿಗೆ ಸಲ್ಲುವಂಥ ತರಬೇತಿಯ ವೆಚ್ಚವನ್ನು ತೆರಿಗೆ ಕೊಡುವ ಜನರ ಮೇಲೆ ಹೊರಿಸುವುದು ನ್ಯಾಯವಲ್ಲ, ಅದನ್ನು ಮಾಲೀಕನೇ ಸಂತೋಷದಿಂದ ಭರಿಸಬಹುದು, ಭರಿಸುವಂತೆ ಅವನನ್ನು ಒಪ್ಪಿಸಬೇಕು. ಎರಡನೆಯದು, ಸಾರ್ವಜನಿಕರ ಹಣದಿಂದ ನಡೆಯುವ ತರಬೇತಿಯಲ್ಲಿ ಕಡೆಗೆ ಅಳೆಯಬೇಕಾದುದು ಕೂಲಿಯನ್ನು. ಕಲಿತವಳ ಮನೆಗೆ ಬರುವ ಸಂಬಳವು ಹೆಚ್ಚಿತೆ, ಆ ಹೆಚ್ಚಳವು ವರ್ಷ ಕಳೆದ ಮೇಲೂ ಉಳಿಯಿತೆ ಎಂಬುದನ್ನು ಕೇಳದ ಪರೀಕ್ಷೆಯು ಅಪೂರ್ಣ.

ಬೆಂಗಳೂರಿನಂಥ ನಗರಗಳ ಕಾರ್ಖಾನೆಗಳಿಗೆ ಈಗ ಬಿಹಾರ, ಝಾರ್ಖಂಡ್, ಒಡಿಶಾಗಳಿಂದಲೂ ತರುಣ ತರುಣಿಯರು ಬರುತ್ತಿದ್ದಾರೆ. ಅವರಲ್ಲಿ ಅನೇಕರನ್ನು ಕಳುಹಿಸುವುದು 2014ರಲ್ಲಿ ಆರಂಭವಾದ ದೀನದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆ. ಊರು ಬಿಟ್ಟು ಬಹುದೂರ ಬಂದ ಹದಿನೆಂಟರ ಹರೆಯದ ಹುಡುಗಿಯೊಬ್ಬಳು ಹಾಸ್ಟೆಲಿನ ಊಟ ಒಗ್ಗದೆ, ಭಾಷೆ ತಿಳಿಯದೆ, ಕೈಗೆ ಬರುವ ಸಂಬಳವು ತಾನು ಊಹಿಸಿದ್ದಕ್ಕಿಂತ ಕಡಿಮೆಯೆಂದು ತಿಳಿದು, ತಿಂಗಳೆರಡು ತಿಂಗಳಿನಲ್ಲಿ ಮರಳಿ ಹೋಗುವುದು ಆ ಯೋಜನೆಯ ದೊಡ್ಡ ವ್ಯಥೆ. ಬಿಹಾರ ಮತ್ತು ಝಾರ್ಖಂಡ್‌ಗಳಲ್ಲಿ ಸಂಶೋಧಕರು ಇದಕ್ಕೆ ಒಂದು ಅಲ್ಪವೆಚ್ಚದ ಉಪಾಯವನ್ನು ಪರೀಕ್ಷಿಸಿದರು: ತರಬೇತಿಯ ನಡುವೆ ಎರಡು ತರಗತಿಗಳಲ್ಲಿ, ಮುಂದೆ ದೊರೆಯುವ ಕೆಲಸ ಎಂಥದು, ಎಲ್ಲಿ, ಸಂಬಳವೆಷ್ಟು ಎಂಬುದನ್ನು ಇದ್ದಂತೆ ತಿಳಿಸಿದರು. ಹೀಗೆ ತಿಳಿದವರು ಸೇರಿದ ಕೆಲಸದಲ್ಲಿ ಉಳಿಯುವ ಸಂಭವವು ಇತರರದಕ್ಕಿಂತ ನೂರಕ್ಕೆ ಸುಮಾರು 17ರಷ್ಟು ಹೆಚ್ಚಾಯಿತು. ಅತಿಯಾದ ಆಸೆ ಇಟ್ಟುಕೊಂಡಿದ್ದವರು ಮೊದಲೇ ಹಿಂದೆ ಸರಿದುದು ಇದಕ್ಕೆ ಮುಖ್ಯ ಕಾರಣವೆಂದು ಸಂಶೋಧಕರ ಅಭಿಪ್ರಾಯ. ಎರಡು ತರಗತಿಗಳ ಸತ್ಯವಚನಕ್ಕೆ ಖರ್ಚಾಗುವುದೆಷ್ಟು? ಕೋಟಿಗಟ್ಟಲೆ ಹಣದ ಯಂತ್ರೋಪಕರಣಗಳನ್ನು ಕೊಳ್ಳುವ ಮೊದಲು ಇಂತಹ ಹತ್ತು ಸಣ್ಣ ಉಪಾಯಗಳನ್ನು ಪರೀಕ್ಷಿಸಿದರೆ ನಷ್ಟವೇನೂ ಇಲ್ಲ.

ಸಣ್ಣದಾಗಿ ಆರಂಭಿಸಿ, ನೋಡಿ, ತಿದ್ದಿ, ಬಳಿಕ ಹರಡುವ ಕ್ರಮವು ಕನ್ನಡ ನಾಡಿಗೆ ಅಪರಿಚಿತವಲ್ಲ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಸಂಸ್ಥೆಯೂ ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳೂ ಕೂಡಿ ಸ್ಥಾಪಿಸಿದ ರುಡ್‌ಸೆಟ್ ಸಂಸ್ಥೆಯು ನಿರುದ್ಯೋಗಿ ತರುಣರನ್ನು ಕೆಲವು ವಾರಗಳ ಕಾಲ ಉಚಿತ ಊಟ ವಸತಿಗಳೊಡನೆ ತನ್ನಲ್ಲಿರಿಸಿಕೊಂಡು ಸ್ವಂತ ಉದ್ಯೋಗದ ತರಬೇತಿಯನ್ನು ಕೊಟ್ಟು, ಬ್ಯಾಂಕಿನ ಸಾಲಕ್ಕೆ ಜೋಡಿಸಿ, ತರಬೇತಿಯ ಬಳಿಕವೂ ಎರಡು ವರ್ಷದಷ್ಟು ಕಾಲ ಅವರ ಬೆನ್ನ ಹಿಂದೆ ನಿಲ್ಲುವ ಪದ್ಧತಿಯನ್ನು ರೂಢಿಸಿತು. ಇಪ್ಪತ್ತಾರು ಇಪ್ಪತ್ತೇಳು ವರ್ಷಗಳ ಅನುಭವವು ಮಾಗಿದ ಮೇಲೆ ಕೇಂದ್ರದ ಗ್ರಾಮೀಣಾಭಿವೃದ್ಧಿ ಇಲಾಖೆಯು ಅದನ್ನೇ ಮಾದರಿಯಾಗಿ ಕೈಗೊಂಡು ಜಿಲ್ಲೆಗೊಂದರಂತೆ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳನ್ನು ಬ್ಯಾಂಕುಗಳ ಮೂಲಕ ಸ್ಥಾಪಿಸಿತು; ಇಂದು ದೇಶದಾದ್ಯಂತ ಅವುಗಳ ಸಂಖ್ಯೆಯು ಆರು ನೂರರ ಸಮೀಪವಿದೆ. ತರಬೇತಿ ಮುಗಿದ ದಿನ ಹಾರ ಹಾಕಿ ಕಳುಹಿಸುವುದಲ್ಲ, ಮುಗಿದ ಮರುದಿನದಿಂದಲೇ ನಿಜವಾದ ಕೆಲಸವು ಆರಂಭವಾಗುವುದು ಎಂಬ ಉಜಿರೆಯ ವಿವೇಕವನ್ನು ಉಳಿದ ಯೋಜನೆಗಳೂ ಮೈಗೂಡಿಸಿಕೊಳ್ಳಬೇಕಾಗಿತ್ತು.

ಚೀಟಿ ಎತ್ತಿ ಒಬ್ಬ ಬಡವನಿಗೆ ತರಬೇತಿ ಕೊಟ್ಟು ಇನ್ನೊಬ್ಬನಿಗೆ ನಿರಾಕರಿಸುವುದು ನಿರ್ದಯವಲ್ಲವೆ ಎಂಬ ಆಕ್ಷೇಪವು ಗೌರವಕ್ಕೆ ಅರ್ಹವಾದುದು. ಆದರೆ ಸ್ಥಾನಗಳು ನೂರಿದ್ದು ಅರ್ಜಿಗಳು ಮುನ್ನೂರು ಬಂದಲ್ಲಿ ಇನ್ನೂರು ಮಂದಿಗೆ ನಿರಾಕರಣೆಯು ಹೇಗೂ ತಪ್ಪಿದ್ದಲ್ಲ. ಇಂದು ಅದು ಶಿಫಾರಸಿನಿಂದಲೋ, ಊರಿನ ದೂರದಿಂದಲೋ, ಅರ್ಜಿಯ ವಿಷಯವು ಕಿವಿಗೆ ಬೀಳದೆ ಹೋಗುವುದರಿಂದಲೋ ನಡೆಯುತ್ತದೆ. ಎಲ್ಲರ ಎದುರಿನಲ್ಲಿ ಎತ್ತಿದ ಚೀಟಿಯು ಇವೆಲ್ಲಕ್ಕಿಂತ ನ್ಯಾಯಸಮ್ಮತವಾದುದು. ಇನ್ನೊಂದು ಎಚ್ಚರಿಕೆಯು ಫ್ರಾನ್ಸಿನಿಂದ ಬಂದಿದೆ. ಅಲ್ಲಿ 235 ಪ್ರದೇಶಗಳಲ್ಲಿ ಬ್ರೂನೊ ಕ್ರೆಪೊನ್, ಎಸ್ತರ್ ಡುಫ್ಲೊ ಮೊದಲಾದ ಅರ್ಥಶಾಸ್ತ್ರಜ್ಞರು ನಡೆಸಿದ ಅಧ್ಯಯನದಲ್ಲಿ, ಉದ್ಯೋಗಾನ್ವೇಷಣೆಗೆ ನೆರವು ಪಡೆದ ತರುಣರಿಗೆ ಬೇಗ ಕೆಲಸ ದೊರೆತುದು ನಿಜವಾದರೂ, ಅದರ ಒಂದಂಶವು ನೆರವಿಲ್ಲದ ಇತರರ ಕೈತಪ್ಪಿದ ಕೆಲಸವೇ ಆಗಿತ್ತು. ಕೆಲಸಗಳೇ ಕಡಿಮೆಯಿರುವಲ್ಲಿ ತರಬೇತಿಯು ಸಾಲಿನಲ್ಲಿ ನಿಂತವರ ಸ್ಥಾನವನ್ನು ಹಿಂದುಮುಂದು ಮಾಡಬಲ್ಲುದೇ ವಿನಾ ಸಾಲನ್ನು ಕರಗಿಸಲಾರದು. ಉದ್ಯೋಗ ಸೃಷ್ಟಿಯ ಹೊಣೆಯನ್ನು ತರಬೇತಿಯ ತಲೆಗೆ ಕಟ್ಟಿ ಸರ್ಕಾರಗಳು ನಿಶ್ಚಿಂತವಾಗುವಂತಿಲ್ಲ.

ನಮ್ಮ ರಾಜ್ಯದ ಮುಂದೆ ಈಗ ಅಪೂರ್ವವಾದ ಅವಕಾಶವೊಂದಿದೆ. ಟಾಟಾ ಟೆಕ್ನಾಲಜೀಸ್ ಸಂಸ್ಥೆಯ ಸಹಯೋಗದಿಂದ 4,600 ಕೋಟಿ ರೂಪಾಯಿಗಳಿಗೂ ಮಿಕ್ಕ ವೆಚ್ಚದಲ್ಲಿ 150 ಸರ್ಕಾರಿ ಐ.ಟಿ.ಐ.ಗಳನ್ನು ನವೀಕರಿಸಿ, 2022ರ ಜೂನ್ ತಿಂಗಳಿನಲ್ಲಿ ಅವುಗಳನ್ನು ನಾಡಿಗೆ ಸಮರ್ಪಿಸಲಾಯಿತು. ಹಳೆಯ ಲೇತ್ ಯಂತ್ರಗಳ ಪಕ್ಕದಲ್ಲಿ ರೋಬಾಟುಗಳೂ ಗಣಕ ನಿಯಂತ್ರಿತ ಯಂತ್ರಗಳೂ ಬಂದು ಕುಳಿತಿವೆ. ಫಿಟ್ಟರ್, ಟರ್ನರ್, ವೆಲ್ಡರ್ ವಿದ್ಯೆಗಳನ್ನು ಕಲಿಯುವ ಹಳ್ಳಿಯ ಮಕ್ಕಳಿಗೆ ಇವು ಕೈಗೆಟುಕುವಂತಾದುದು ಸಂತೋಷದ ವಿಷಯವೇ. ನವೀಕರಣಗೊಂಡ ಸಂಸ್ಥೆಗಳೂ ನವೀಕರಣಗೊಳ್ಳದ ಸಂಸ್ಥೆಗಳೂ ಒಂದೇ ರಾಜ್ಯದಲ್ಲಿ, ಒಂದೇ ಇಲಾಖೆಯ ಅಧೀನದಲ್ಲಿ ಇರುವಾಗ, ಎರಡೂ ಬಗೆಯ ಸಂಸ್ಥೆಗಳಿಂದ ಹೊರಬಂದವರ ಕೆಲಸವನ್ನೂ ಕೂಲಿಯನ್ನೂ ಮೂರು ವರ್ಷಗಳ ಕಾಲ ಹಿಂಬಾಲಿಸಿ ದಾಖಲಿಸುವುದು ಕಷ್ಟಸಾಧ್ಯವಲ್ಲ. ಯಾವ ಸಂಸ್ಥೆಯನ್ನು ಮೊದಲು ಆರಿಸಿದರು, ಏಕೆ ಆರಿಸಿದರು ಎಂಬುದರಿಂದ ಹೋಲಿಕೆಯು ಮಸುಕಾಗುವ ಅಪಾಯವಿದೆ. ಆದುದರಿಂದ ಮುಂದಿನ ಸುತ್ತಿನಲ್ಲಿ ಅರ್ಹವಾದ ಸಂಸ್ಥೆಗಳ ಪೈಕಿ ಯಾವುವು ಮೊದಲು, ಯಾವುವು ಅನಂತರ ಎಂಬುದನ್ನು ಚೀಟಿಯಿಂದ ನಿರ್ಧರಿಸಿದರೆ, ಯಾರಿಗೂ ಅನ್ಯಾಯವಾಗದೆ ಸತ್ಯವು ತಿಳಿಯುತ್ತದೆ.

ಈ ಅಧ್ಯಯನವನ್ನು ಯೋಜನೆಯನ್ನು ನಡೆಸುವ ಇಲಾಖೆಯಾಗಲಿ, ಹಣ ಪಡೆಯುವ ಸಂಸ್ಥೆಯಾಗಲಿ ಮಾಡತಕ್ಕದ್ದಲ್ಲ. ರಾಜ್ಯದ ವಿಶ್ವವಿದ್ಯಾನಿಲಯಗಳಲ್ಲಿ ಅರ್ಥಶಾಸ್ತ್ರ ವಿಭಾಗಗಳಿವೆ, ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆಯಿದೆ. ಅವುಗಳಿಗೆ ಇದನ್ನು ವಹಿಸಬಹುದು. ಏನನ್ನು ಅಳೆಯುವೆವೆಂಬುದನ್ನು ಮೊದಲೇ ಪ್ರಕಟಿಸಬೇಕು; ಫಲಿತಾಂಶವು ಹಿತವಾಗಿರಲಿ ಅಹಿತವಾಗಿರಲಿ, ಅದು ಕನ್ನಡದಲ್ಲಿ ಪ್ರಕಟವಾಗಿ ವಿಧಾನಮಂಡಲದ ಮೇಜಿಗೆ ಬರಬೇಕು. ಅಹಿತವಾದ ಫಲಿತಾಂಶವನ್ನು ತಂದ ಅಧಿಕಾರಿಗೆ ವರ್ಗಾವಣೆಯ ಶಿಕ್ಷೆಯಾಗದೆಂಬ ಭರವಸೆಯು ದೊರೆಯದಿದ್ದರೆ ಯಾವ ಪ್ರಯೋಗವೂ ಪ್ರಾಮಾಣಿಕವಾಗಿ ನಡೆಯಲಾರದು. ಮುಂದಿನ ಆಯವ್ಯಯದಲ್ಲಿ ಕೌಶಲ್ಯಾಭಿವೃದ್ಧಿಯ ಅನುದಾನಕ್ಕೆ ಮತ ಹಾಕುವ ಮೊದಲು ನಮ್ಮ ಶಾಸಕರು ಎದ್ದು ನಿಂತು, ಈ ಹಣದಿಂದ ತರಬೇತಿ ಪಡೆದವರ ಕೂಲಿಯು ಪಡೆಯದವರ ಕೂಲಿಗಿಂತ ಎಷ್ಟು ಹೆಚ್ಚಾಯಿತು, ಅದನ್ನು ಯಾರು, ಹೇಗೆ ಅಳೆದರು ಎಂದು ಸಚಿವರನ್ನು ಕೇಳಲಿ. ಉತ್ತರವು ಬರುವ ತನಕ ಕೇಳುತ್ತಲೇ ಇರಲಿ.